ರಾತ್ರಿ ಗಂಜಿ ಯಾರ ಕೈಯಲ್ಲಿ?

ಪಾರ್ಶ್ವವಾಯು ಆದ ಮೇಲೆ ಅಪ್ಪನ ಬಲಗೈ ಏಳುವುದಿಲ್ಲ. ಕ್ಯಾತ್ಸಂದ್ರದ ನಮ್ಮ ಮನೆಗೆ ಅವರನ್ನು ನೋಡಿಕೊಳ್ಳಲು ಇಬ್ಬರು ಬರುತ್ತಾರೆ. ಹಗಲಿನ ಅಕ್ಕ ಚುರುಕು. ರಾಗಿ ಗಂಜಿಯನ್ನು ತಾವೇ ಕುಡಿಸಿ, ಬಾಯಿ ಒರೆಸಿ, ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಸಂಜೆ ಬರುವ ಹುಡುಗ ಚಮಚವನ್ನು ಅಪ್ಪನ ಎಡಗೈಗೆ ಕೊಟ್ಟು ಪಕ್ಕದಲ್ಲಿ ಕೂರುತ್ತಾನೆ. ಅರ್ಧ ಗಂಟೆ ಆಗುತ್ತದೆ, ಅಂಗಿ ಮೇಲೆಲ್ಲ ಚೆಲ್ಲುತ್ತದೆ. ಅಕ್ಕನಿಗೆ ಅದು ಸೋಮಾರಿತನ. ಅವನಿಗೆ ಅಕ್ಕನದು ಅವಸರ. ದೂರು ಮಾತ್ರ ಇಬ್ಬರದೂ ನನ್ನ ಹತ್ತಿರ.

ನಿನ್ನೆ ಕೆಲಸ ಬದಲಾಗುವ ಹೊತ್ತಿಗೆ ಇಬ್ಬರನ್ನೂ ಅಪ್ಪನ ಮುಂದೆಯೇ ಕೂರಿಸಿದೆ. ನೆಟ್ಟಗೆ ಕೂರಿಸಿಯೇ ಉಣಿಸುವುದು, ಉಂಡ ತಕ್ಷಣ ಮಲಗಿಸದಿರುವುದು, ಮಲಗಿದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಾತ್ರೆ ಕೊಟ್ಟ ಸಮಯ ಬರೆದಿಡುವುದು. ಇದರಲ್ಲಿ ಇಬ್ಬರಿಗೂ ಒಂದೇ ನಿಯಮ. ಮಿಕ್ಕಿದ್ದನ್ನು ಅಪ್ಪನನ್ನೇ ಕೇಳಿದೆ. ಮಾತು ತೊದಲುತ್ತದೆ, ಕಾಯಬೇಕು.

"ಬೆಳಿಗ್ಗೆ ಕುಡಿಸಿ. ರಾತ್ರಿ ನಾನೇ."

ಇಷ್ಟು ದಿನ ಇಬ್ಬರಲ್ಲಿ ಯಾರದು ಸರಿ ಅಂತ ಸುಮ್ನೆ ತೂಗುತ್ತಿದ್ದೆ. ಉಣ್ಣುವವರನ್ನು ಮೊದಲೇ ಕೇಳಬೇಕಿತ್ತು, ಅಲ್ವಾ?

ಇವತ್ತು ಬೆಳಿಗ್ಗೆ ಅಕ್ಕ ಲೋಟ ಎತ್ತುವ ಮುಂಚೆ ಅಪ್ಪನ ಮುಖ ನೋಡಿದರು. "ಕುಡಿಸ್ಲಾ ಯಜಮಾನ್ರೇ?" ಅಂದರು.