ನುಗ್ಗೆ ಸೊಪ್ಪು, ಪಾಲಕ್ ಮತ್ತು ಬಸಿದ ನೀರು

ನುಗ್ಗೆ ಸೊಪ್ಪಿನಲ್ಲಿ ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ ಇದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಒಣಗಿಸಿದ ಪುಡಿಯ ಲೆಕ್ಕ. ಪುಡಿಯಲ್ಲಿ ನೀರಿಲ್ಲ, ಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಎರಡನ್ನೂ ನೂರು ನೂರು ಗ್ರಾಂ ತೂಗಿದರೆ ಪುಡಿ ಗೆಲ್ಲದೆ ಇನ್ನೇನು? ತಿನ್ನುವುದು ಒಂದು ಟೀ ಚಮಚ, ಎಂದರೆ ಎರಡು ಮೂರು ಗ್ರಾಂ. ಅದರಲ್ಲಿ ಸಿಗುವುದು 40ರಿಂದ 60 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ 200 ದಾಟುತ್ತದೆ.

ಹಸಿ ಸೊಪ್ಪನ್ನೇ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಸುಮಾರು 314 ಮಿ.ಗ್ರಾಂ ಕ್ಯಾಲ್ಸಿಯಂ, 4.5 ಮಿ.ಗ್ರಾಂ ಕಬ್ಬಿಣ, 6.4 ಗ್ರಾಂ ಪ್ರೋಟೀನ್. ಪಾಲಕ್‌ನಲ್ಲಿ 82, 3 ಮತ್ತು 2.1. ಆದರೆ ತಟ್ಟೆಗೆ ಬರುವ ಹೊತ್ತಿಗೆ ಲೆಕ್ಕ ಬದಲಾಗುತ್ತದೆ. ರಾಗಿ ರೊಟ್ಟಿಗೆ ಹಾಕುವ ನುಗ್ಗೆ ಎಲೆ ಒಬ್ಬರ ಪಾಲಿಗೆ 25 ಗ್ರಾಂ ಬಂದರೆ ಹೆಚ್ಚು. ಪಾಲಕ್ ಬೆಂದು ಕುಗ್ಗುವುದರಿಂದ 100 ಗ್ರಾಂ ಸಲೀಸಾಗಿ ಹೊಟ್ಟೆಗೆ ಹೋಗುತ್ತದೆ. ಆಗ ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಸಮ, ಕಬ್ಬಿಣ ಪಾಲಕ್‌ನಲ್ಲೇ ಹೆಚ್ಚು. ಗರ್ಭಿಣಿಯರಿಗೆ ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್‌ನಲ್ಲಂತೂ ತೂಕಕ್ಕೆ ತೂಕ ಇಟ್ಟರೂ ಪಾಲಕ್ ಬಹಳ ಮುಂದೆ.

ಹೀಗಿದ್ದೂ ಕ್ಯಾಲ್ಸಿಯಂಗಾಗಿ ಪಾಲಕ್ ನಂಬಬೇಡಿ. ಅದರಲ್ಲಿರುವ ಆಕ್ಸಲೇಟ್ ಎಂಬ ರಾಸಾಯನಿಕ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ; ದೇಹಕ್ಕೆ ಸೇರುವುದು ನೂರಕ್ಕೆ ಐದರಷ್ಟು ಮಾತ್ರ. ಹಾಲಿನದು ಕಾಲು ಭಾಗಕ್ಕೂ ತುಸು ಹೆಚ್ಚೇ ಸೇರುತ್ತದೆ. ನುಗ್ಗೆಯಲ್ಲೂ ಆಕ್ಸಲೇಟ್ ಇದೆ, ಆದರೆ ಅದು ನೀರಿನಲ್ಲಿ ಕರಗದ ಬಗೆಯದು. ಪಾಲಕ್‌ನದರಲ್ಲಿ ದೊಡ್ಡ ಪಾಲು ಕರಗುತ್ತದೆ. ಮೂತ್ರಪಿಂಡದ ಕಲ್ಲಿನವರಿಗೆ ತೊಂದರೆ ಕೊಡುವುದು ಮುಖ್ಯವಾಗಿ ಈ ಕರಗುವ ಬಗೆ.

ನಮ್ಮ ಬಸ್ಸಾರಿನಲ್ಲಿ ಇದು ಬಹಳ ಮುಖ್ಯ. ಸೊಪ್ಪು, ಬೇಳೆ ಬೇಯಿಸಿ ನೀರು ಬಸಿದು, ಆ ಕಟ್ಟಿಗೇ ಖಾರ ರುಬ್ಬಿ ಹಾಕುತ್ತೇವೆ. ನುಗ್ಗೆಗೆ ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ. ನೀರಿಗಿಳಿದ ಸಿ ವಿಟಮಿನ್, ಪೊಟ್ಯಾಸಿಯಂ ಸಾರಿನಲ್ಲೇ ಉಳಿಯುತ್ತವೆ. ಪಾಲಕ್ ಬಸ್ಸಾರಿನಲ್ಲಿ ಆಕ್ಸಲೇಟ್ ಕೂಡ ಸಾರಿಗೇ ಬರುತ್ತದೆ. ಕಲ್ಲಿನ ತೊಂದರೆ ಇರುವವರ ಮನೆಯಲ್ಲಿ ಬೇಳೆ ಬೇರೆ, ಪಾಲಕ್ ಬೇರೆ ಬೇಯಿಸಿ. ಪಾಲಕ್ ಅನ್ನು ಧಾರಾಳ ಕುದಿನೀರಿನಲ್ಲಿ ಮೂರು ನಾಲ್ಕು ನಿಮಿಷ ಬೇಯಿಸಿ ಆ ನೀರು ಚೆಲ್ಲಬೇಕು. ಫೋಲೇಟ್ ಕೂಡ ಒಂದಿಷ್ಟು ಹೋಗುತ್ತದೆ, ಅವರಿಗೆ ಆ ನಷ್ಟ ಪರವಾಗಿಲ್ಲ. ಮಿಕ್ಕವರು ಚೆಲ್ಲಬೇಕಿಲ್ಲ.

ಕಬ್ಬಿಣಕ್ಕಾಗಿ ಯಾವ ಸೊಪ್ಪು ತಿಂದರೂ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ; ಅದರ ಸಿ ವಿಟಮಿನ್ ಕಬ್ಬಿಣ ದೇಹಕ್ಕೆ ಸೇರಲು ನೆರವಾಗುತ್ತದೆ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಒಂದಿಷ್ಟು ಹಾಳಾಗುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಅವು ಕಬ್ಬಿಣವನ್ನು ತಡೆಯುತ್ತವೆ; ಒಂದು ಗಂಟೆಯಾದರೂ ಬಿಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಪಾಲಕ್ ಪ್ರಮಾಣವನ್ನು ಒಮ್ಮೆಲೇ ಏರಿಳಿಸಬಾರದು, ಅದರಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಕೆ ವಿಟಮಿನ್ ಬಹಳ.

ಎಲೆ ಬಿಡಿಸುವ ಬೇಸರಕ್ಕೇ ಎಷ್ಟೋ ಜನ ನುಗ್ಗೆ ಸೊಪ್ಪು ತರುವುದಿಲ್ಲ. ಕೊಂಬೆಗಳನ್ನು ಒಣ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ರಾತ್ರಿ ಹೊರಗೇ ಇಡಿ, ಬೆಳಿಗ್ಗೆ ಕೊಡವಿದರೆ ಎಲೆ ತಾನಾಗಿ ಉದುರುತ್ತದೆ. ಜೊತೆಗೆ ಬಿದ್ದ ಸಣ್ಣ ಕಡ್ಡಿಗಳನ್ನು ಮಾತ್ರ ಆರಿಸಿಬಿಡಿ. ಎಷ್ಟು ಬೇಯಿಸಿದರೂ ಅವು ಮೆತ್ತಗಾಗದೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.