ಅಂಡರ್‌ಪಾಸಿನ ಮರಳು

ರಾತ್ರಿ ಸುರಿದ ಮಳೆಗೆ ನಮ್ಮ ಅಂಡರ್‌ಪಾಸ್ ಮತ್ತೆ ಕೆರೆ. ಬೆಳಗ್ಗೆ ಹಾಲು ತರೋಕೆ ಹೋದಾಗ ನೀರು ಇಳಿದಿತ್ತು. ರಸ್ತೆ ತುಂಬಾ ಮರಳಿನ ಪುಟ್ಟ ಪುಟ್ಟ ಅಲೆಗಳು, ಬೆರಳಿನಷ್ಟು ದಪ್ಪ. ಒಂದು ಬದಿ ಇಳಿಜಾರು, ಇನ್ನೊಂದು ಬದಿ ಕಡಿದು. ರಾತ್ರಿ ಮಲಗಿದ್ದವರೂ ನೀರು ಎತ್ತ ಹರೀತು ಅಂತ ಹೇಳಬಹುದು. ಬಗ್ಗಿ ನೋಡ್ತಿದ್ದೆ. "ಏನ್ ಸಾರ್, ಏನಾದ್ರೂ ಬಿದ್ದೋಯ್ತಾ?" ಅಂದ ಹಾಲಿನಂಗಡಿ ಹುಡುಗ.

ಅಮೆರಿಕದ ಮೊಂಟಾನಾದಲ್ಲಿ, ಕಮಾಸ್ ಪ್ರೈರಿ ಅನ್ನೋ ಬಯಲಲ್ಲಿ ಇವೇ ಅಲೆಗಳಿವೆ. ಅಲ್ಲಿನವು ಜಲ್ಲಿಕಲ್ಲಿನವು, ಕೆಲವು ಮೂರಂತಸ್ತಿನ ಮನೆಯಷ್ಟು ಎತ್ತರ. ಪಕ್ಕ ನಿಂತರೆ ಬರೀ ದಿಬ್ಬ, ಮೇಲಿಂದ ನೋಡಿದರೇನೇ ಅಲೆ. ಹಿಮಯುಗದ ಕೊನೆಯಲ್ಲಿ ಹಿಮನದಿಯೊಂದು ಕಣಿವೆಗೆ ಅಡ್ಡ ನಿಂತು ಭಾರೀ ಸರೋವರ ಕಟ್ಟಿತ್ತು. ಆ ಕಟ್ಟೆ ಒಡೆದದ್ದು ಒಂದು ಸಲವಲ್ಲ, ಹತ್ತಾರು ಸಲ. ಆ ನೀರು ಇಡಾಹೋ ದಾಟಿ ವಾಷಿಂಗ್ಟನ್ ರಾಜ್ಯದಲ್ಲಿ ಮಣ್ಣು ಕೆರೆದು ಬಸಾಲ್ಟ್ ಬಂಡೆ ಬರಿದು ಮಾಡಿ ಹೋಯ್ತು.

1923ರಲ್ಲಿ ಆ ಬಂಡೆಗಳನ್ನು ನೋಡಿಯೇ ಭೂವಿಜ್ಞಾನಿ ಜೆ. ಹಾರ್ಲೆನ್ ಬ್ರೆಟ್ಜ್ ಮಹಾಪ್ರವಾಹ ಅಂದರು. ಅಷ್ಟು ನೀರು ಎಲ್ಲಿಂದ ಬಂತಪ್ಪಾ ಅಂತ ದೊಡ್ಡವರೆಲ್ಲ ತಳ್ಳಿಹಾಕಿದರು. 1942ರಲ್ಲಿ ಇನ್ನೊಬ್ಬ ಭೂವಿಜ್ಞಾನಿ ಪಾರ್ಡೀ, ಮೊಂಟಾನಾದ ಈ ಅಲೆಗಳು ಆ ಸರೋವರ ರಭಸದಿಂದ ಬರಿದಾದ ಗುರುತು ಅಂತ ಬರೆದ ಮೇಲೆ ವಾದ ನಿಧಾನಕ್ಕೆ ತಿರುಗಿತು. ಬ್ರೆಟ್ಜ್‌ಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಸಿಕ್ಕಿದ್ದು 1979ರಲ್ಲಿ, ತೊಂಬತ್ತು ದಾಟಿದ ಮೇಲೆ. ಬೀಗೋಣ ಅಂದ್ರೆ ವಿರೋಧಿಗಳೇ ಉಳಿದಿಲ್ಲ ಅಂತ ಗೊಣಗಿದರಂತೆ. ಪಾಪ ಅನ್ನಿಸ್ತು, ನಗೂ ಬಂತು.

ಹಾಲಿನ ಪ್ಯಾಕೆಟ್ ಹಿಡಿದು ವಾಪಸ್ ಬರೋಷ್ಟರಲ್ಲಿ ಪೌರಕಾರ್ಮಿಕ ಅಕ್ಕ ಒಬ್ಬರು ಅಲೆಗಳನ್ನೆಲ್ಲ ಗುಡಿಸಿ ಅರ್ಧ ಚೀಲ ತುಂಬಿಸಿಬಿಟ್ಟಿದ್ದರು.