ಏರಿಯಾ 88: ಕ್ರುಸೇಡರ್ ಒಂದರಲ್ಲೇ ಎಷ್ಟು ದೂರ?

ಮೊದಲ ವಾರ

ನಿಂಟೆಂಡೊದ ಗೇಮ್ ಕನ್ಸೋಲ್ ಸೂಪರ್ ಫ್ಯಾಮಿಕಾಮ್‌ನ ‘ಏರಿಯಾ 88’ ಎಂಬ ಯುದ್ಧವಿಮಾನದ ವಿಡಿಯೋ ಗೇಮ್ ಮತ್ತೆ ಶುರು ಮಾಡಿದೆ. ಕ್ಯಾಪ್‌ಕಾಮ್ 1991ರಲ್ಲಿ ತಂದ ಆಟ. ಜಪಾನಿನ ಹೊರಗೆ ಇದರ ಹೆಸರು ‘ಯು.ಎನ್. ಸ್ಕ್ವಾಡ್ರನ್’. ಈ ಸಲ ಹೊಸ ವಿಮಾನ ಕೊಳ್ಳುವುದಿಲ್ಲ. ಶುರುವಿನಲ್ಲಿ ಸಿಗುವ ಎಫ್-8 ಕ್ರುಸೇಡರ್‌ನಲ್ಲೇ ಆದಷ್ಟು ದೂರ ಹೋಗಬೇಕು.

ಈ ಹಟ ಹುಟ್ಟಿದ್ದು ಆಟಕ್ಕೆ ಮೂಲವಾದ ಕಾಓರು ಶಿಂತಾನಿಯವರ ಮಾಂಗಾ (ಜಪಾನೀ ಕಾಮಿಕ್ಸ್) ಮತ್ತೆ ಓದಿದ ಮೇಲೆ. ಅದರಲ್ಲಿ ಶಿನ್ ಕಜಾಮಾನಿಗೆ ಗೆಳೆಯನೇ ಮೋಸದಿಂದ ರುಜು ಹಾಕಿಸುತ್ತಾನೆ. ಶಿನ್ ಅಸ್ಲಾನ್ ಎಂಬ ಕಲ್ಪಿತ ರಾಜ್ಯದಲ್ಲಿ ಬಾಡಿಗೆ ಪೈಲಟ್ ಆಗಿಬಿಡುತ್ತಾನೆ. ಬಿಡುಗಡೆ ಬೇಕಾದರೆ 3 ವರ್ಷ ಬದುಕಿ ಉಳಿಯಬೇಕು, ಇಲ್ಲವೇ 15 ಲಕ್ಷ ಡಾಲರ್ ಕಟ್ಟಬೇಕು. ವಿಮಾನ, ಮಿಸೈಲು ಎಲ್ಲಾ ಸ್ವಂತ ದುಡ್ಡಿನದೇ. ಊರಿಗೆ ಹೋಗಲು ಕೂಡಿಟ್ಟ ದುಡ್ಡನ್ನೇ ಜೀವ ಉಳಿಸಿಕೊಳ್ಳಲು ಸುರಿಯಬೇಕು. ಎಂಥ ಸಂಕಟ ಅಲ್ವಾ? ಅಲ್ಲಿ ಶಿನ್ ಮೊದಲು ಹಾರಿಸುವುದೂ ಕ್ರುಸೇಡರ್‌ನನ್ನೇ.

ಇದೇ ಹೆಸರಿನ 1989ರ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಆಟದಲ್ಲಿ ಒಬ್ಬೊಬ್ಬ ಪೈಲಟ್‌ಗೆ ಒಂದೊಂದೇ ವಿಮಾನ. ಕನ್ಸೋಲ್‌ನಲ್ಲಿ ವಿಮಾನವನ್ನೂ ದುಡಿದು ಕೊಳ್ಳಬೇಕು. ಹಾಗಾಗಿ ನನಗೆ ಇದೇ ಮಾಂಗಾಕ್ಕೆ ಹೆಚ್ಚು ಹತ್ತಿರ.

ಎರಡನೇ ವಾರ

ಶಿನ್‌ನನ್ನು ಆರಿಸಿಕೊಂಡೆ. ಅವನ ಗನ್ನು ಬೇಗ ಬಲವಾಗುತ್ತದೆ. ಶುರುವಿನ 3,000 ಡಾಲರ್‌ನಲ್ಲಿ ಸಿಕ್ಕಷ್ಟು ಬಾಂಬು ತುಂಬಿಸಿದೆ. ಮೊದಲ ಹಂತದಲ್ಲೇ ಸುಮ್ನೆ ಉದುರಿಸಿ ಖಾಲಿ ಮಾಡಿದೆ. ಅದು ತಪ್ಪು. ಈಗ ದೊಡ್ಡ ಶತ್ರು ಬರುವ ತನಕ ಬರೀ ಗನ್ನಿನಲ್ಲೇ ಹೋಗುತ್ತೇನೆ.

ಮಿಂಕ್ಸ್ ಯುದ್ಧನೌಕೆಯ ಹತ್ತಿರ ನಾಲ್ಕು ಸಲ ಸತ್ತೆ. ಏಟು ಬಿದ್ದ ಕೂಡಲೇ ಸಿಟ್ಟಿನಿಂದ ಮುಂದೆ ನುಗ್ಗುತ್ತಿದ್ದೆ. ಈ ಆಟದಲ್ಲಿ ಏಟು ಬಿದ್ದರೆ ‘ಡೇಂಜರ್’ ಅಂತ ಮಿನುಗುತ್ತದೆ. ಅದು ಆರುವ ಮುಂಚೆ ಇನ್ನೊಂದು ಏಟು ಬಿದ್ದರೆ ಕಥೆ ಮುಗಿಯಿತು. ಆ ಕೆಲವು ಕ್ಷಣ ಗುರಿ, ದುಡ್ಡು ಎಲ್ಲಾ ಮರೆತು ಬರೀ ತಪ್ಪಿಸಿಕೊಳ್ಳಬೇಕು.

ಮೂರನೇ ವಾರ

ಶಿನ್ ಬಿಟ್ಟು ಗ್ರೆಗ್ ಎಂಬ ಇನ್ನೊಬ್ಬ ಪೈಲಟ್‌ಗೆ ಬದಲಾಯಿಸಿದೆ. ಏಟಿನಿಂದ ಅವನು ಬೇಗ ಚೇತರಿಸಿಕೊಳ್ಳುತ್ತಾನೆ. ಹಳೇ ವಿಮಾನಕ್ಕೆ ಅದೇ ಜಾಸ್ತಿ ಮುಖ್ಯ. ಪರದೆ ತುಂಬಾ ಗುಂಡು ಬಂದಾಗ ಆಟ ನಿಧಾನವಾಗುತ್ತದೆ. ಆ ಸಂದಿಯಲ್ಲಿ ದಾರಿ ಹುಡುಕುವುದು ಈಗ ಕೈಗೆ ರೂಢಿಯಾಗಿದೆ.

ನಿನ್ನೆ ರಾತ್ರಿ ಮಿಂಕ್ಸ್ ಮುಳುಗಿತು! ಕೈ ನಡುಗುತ್ತಿತ್ತು. ಆಮೇಲೆ ಆಟದಲ್ಲಿ ವಿಮಾನ, ಆಯುಧ ಮಾರುವ ಮೆಕಾಯ್‌ನ ಅಂಗಡಿಗೆ ಹೋದೆ. ಹೊಸ ವಿಮಾನಗಳ ಸಾಲನ್ನು ತುಂಬಾ ಹೊತ್ತು ನೋಡಿದೆ. ಬಾಂಬು ಮಾತ್ರ ತೆಗೆದುಕೊಂಡು ಕ್ರುಸೇಡರ್ ಹತ್ತಿದೆ.